ಬಂಡೆಯ ಮೇಲೆ ಹಿಂಗಾರಿ

ಆಸ್ಟಿನ್
12 ಏಪ್ರಿಲ್ 2025

ಪೂಜ್ಯ ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ನಿನ್ನೆ ನಮ್ಮ ಅಂಚೆ ಡಬ್ಬಿಯಲ್ಲಿ ಒಂದು ದಪ್ಪ ಲಕೋಟೆ ಇತ್ತು. ಮೇಲೆ ನಿಮ್ಮ ಗ್ರಾನೈಟ್ ಅಂಗಡಿಯ ಸೀಲು, ಒಳಗೆ ಹಳೆ ಸೀರೆಯ ತುಂಡುಗಳಲ್ಲಿ ಕಟ್ಟಿದ ಪುಟ್ಟ ಪುಟ್ಟ ಗಂಟುಗಳು. ಒಂದನ್ನು ಬಿಚ್ಚಿದರೆ ಬೂದಿ ಹಾರಿ ನನ್ನ ಆಫೀಸಿನ ಬಟ್ಟೆಯೆಲ್ಲ ಬೆಳ್ಳಗಾಯಿತು. ಬೂದಿಯೊಳಗೆ ಬೀಜ. ಒಂದು ಸಾಲಿನ ಚೀಟಿಯಾದರೂ ಇದ್ದೀತೆಂದು ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದೆ. ಏನೂ ಬೀಳಲಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಅರಾಮ ಅದೀನಿ, ನೀವು ಅರಾಮ?" ಎಂದು ಕೇಳಿ ನಾನು ಹೂಂ ಅನ್ನುವುದರೊಳಗೆ ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಇದನ್ನು ನೀವು ಮಧ್ಯದಲ್ಲಿ ಕಟ್ ಮಾಡಲಾರಿರಿ.

ಯುಗಾದಿಗೆ ಮಾತಾಡಿದಾಗ ನಾವು ಹೊಸ ಮನೆಗೆ ಬಂದದ್ದನ್ನೂ ಅದಕ್ಕೆ ಹಿತ್ತಲಿರುವುದನ್ನೂ ಹೇಳಿದ್ದೆ. ಹಿತ್ತಲೆಂದರೆ ಏನೋ ಅಂದುಕೊಳ್ಳಬೇಡಿ. ಊರಿನ ಪಶ್ಚಿಮದ ಅಂಚು ಇದು, ಇಲ್ಲಿಂದಾಚೆ ಬರೀ ಮುಳ್ಳುಕಂಟಿ, ಪಾಪಾಸುಕಳ್ಳಿ. ಎರಡು ಗೇಣು ಅಗೆದರೆ ಹಾರೆ ಠಣ್ ಅನ್ನುತ್ತದೆ, ಕೆಳಗೆಲ್ಲ ಸುಣ್ಣಗಲ್ಲಿನ ಬಂಡೆ. ನಾನು ಹ್ಯೂಸ್ಟನ್‌ನಲ್ಲಿ ಓದುವಾಗ ಬಾಲ್ಕನಿಯ ಕುಂಡದಲ್ಲಿ ಕಡ್ಡಿ ಚುಚ್ಚಿದರೂ ಚಿಗುರುತ್ತಿತ್ತು. ಅದೇ ಧೈರ್ಯದಲ್ಲಿ ಇಲ್ಲಿ ಟೊಮ್ಯಾಟೊ ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಹಾಗಾಗಿ ಇವು ಏನು ಬೀಜ, ಯಾವಾಗ ಹಾಕಬೇಕು, ಹೇಗೆ ಹಾಕಬೇಕು, ಎಲ್ಲ ಬಿಡಿಸಿ ಬರೆಯಿರಿ.

ಇನ್ನೊಂದು ಮಾತು. ನಿಮಗೆ ಬರೆಯುತ್ತಿದ್ದೇನೆ ಎಂದು ಉಲ್ಲಾಸ್‌ಗೆ ಹೇಳಿಯೇ ಬರೆಯುತ್ತಿದ್ದೇನೆ. ಕದ್ದುಮುಚ್ಚಿ ಮಾಡುವುದು ನನಗೆ ಬರುವುದಿಲ್ಲ. ಅತ್ತೆ ಹೋದ ಮೇಲೆ ನೀವು ಕ್ಯಾರಲ್ಟನ್ನಿನ ಮನೆ ಮಾರಿ ಅದೇ ಊರಿನ ಬಾಡಿಗೆ ಮನೆಗೆ ಹೋದದ್ದನ್ನು ಅವನು ಯಾರೋ ಕಳಿಸಿದ ಫೋಟೊ ನೋಡಿ ತಿಳಿದುಕೊಂಡ. ಆವತ್ತಿನಿಂದ ಅಪ್ಪ-ಮಗ ಮಾತು ಬಿಟ್ಟಿದ್ದೀರಿ. ನೀವಿಬ್ಬರೂ ಮತ್ತೆ ಮಾತಾಡಬೇಕು ಎಂಬುದು ನನ್ನ ಆಸೆ. ಅದನ್ನು ಮುಚ್ಚಿಟ್ಟುಕೊಂಡು ಬರೀ ಬೀಜದ ಸುದ್ದಿ ಬರೆದರೆ ಅದು ನಾಟಕವಾಗುತ್ತದೆ. ಪತ್ರ ಬರೆಯುವೆ ಎಂದಾಗ ಅವನು ಬರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಪೆನ್ನು ಹುಡುಕಿ ಕೊಟ್ಟ.

ಇಂತು ನಿಮ್ಮ ಸೊಸೆ
ವೈಷ್ಣವಿ


ಕ್ಯಾರಲ್ಟನ್
24 ಏಪ್ರಿಲ್ 2025

ಚಿ. ಸೌ. ವೈಷ್ಣವಿಗೆ ಶರಣು.

ಪತ್ರ ಮುಟ್ಟಿತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವರನ್ನು ನಿಲ್ಲಿಸಿ ಓದಿದೆ. ಅಡಿಗೆಕಟ್ಟೆಗೆ ಕಲ್ಲು ಆರಿಸಲು ಬಂದ ಹೆಂಗಸು ಏನಾದರೂ ಕೆಟ್ಟ ಸುದ್ದಿಯೇ ಎಂದು ಕೇಳಿದಳು. ಸೊಸೆ ಬೈದು ಬರೆದಿದ್ದಾಳೆ ಎಂದೆ. ಆಕೆ ನಕ್ಕು, ದುಬಾರಿ ಕಲ್ಲನ್ನೇ ಆರಿಸಿಕೊಂಡು ಹೋದಳು.

ಚೀಟಿ ಇಡಲು ಮರೆತದ್ದಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಅವು ನಿನ್ನ ಅತ್ತೆ ಕಮಲವ್ವ ಇಟ್ಟ ಬೀಜ. ಮನೆ ಖಾಲಿ ಮಾಡುವಾಗ ಗೋಧಿ ಡಬ್ಬಿಯ ತಳದಲ್ಲಿ ಸಿಕ್ಕಿದವು. ನಮ್ಮ ಇಳಕಲ್ಲಿನ ಕಡೆ ಹುಳ ಹತ್ತಬಾರದೆಂದು ಬೀಜಕ್ಕೆ ಬೂದಿ ಹಚ್ಚಿ ಇಡುತ್ತಾರೆ. ಇಲ್ಲಿ ಬೂದಿ ಎಲ್ಲಿಂದ ಬರಬೇಕು? ಪಕ್ಕದ ಮನೆಯವರ ಬಾರ್ಬೆಕ್ಯೂ ಒಲೆಯದನ್ನು ಕೇಳಿ ತರುತ್ತಿದ್ದಳು. ಮಾಂಸ ಸುಟ್ಟ ಬೂದಿಯನ್ನು ಲಿಂಗವಂತರ ಮನೆಗೆ ತರುತ್ತೀಯಲ್ಲ ಎಂದು ನಾನು ಗೊಣಗಿದರೆ, ನೀವು ಬೀಜ ತಿನ್ನುವುದಿಲ್ಲವಲ್ಲ, ಸುಮ್ಮನಿರಿ ಎನ್ನುತ್ತಿದ್ದಳು.

ಕೆಂಪು ತುಂಡಿನಲ್ಲಿರುವುದು ಹೀರೇಕಾಯಿ. ಹಸಿರಿನಲ್ಲಿ ಮುಳ್ಳುಗಾಯಿ, ಎಣ್ಣೆಗಾಯಿ ಮಾಡುವ ಬದನೆ. ಚೌಕಡಿಯದರಲ್ಲಿ ಪುಂಡಿಪಲ್ಲೆ, ಹುಳಿ ಸೊಪ್ಪು. ಉಳಿದವು ಮೆಂತ್ಯ, ಸಬ್ಬಸಿಗೆ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು, ಕಡಲೆ ಇರಬೇಕು. ನೋಡಿದರೆ ನಿನಗೇ ತಿಳಿಯುತ್ತದೆ.

ಈಗಲೇ ಹಾಕಬೇಡ. ನಮ್ಮಪ್ಪ ರೋಹಿಣಿ ಮಳೆಗೆ ಹೊಲ ಹದ ಮಾಡಿ, ಮಿರಗ ಕೂಡಿದ ಮೇಲೆಯೇ ಕೂರಿಗೆ ಹೂಡುತ್ತಿದ್ದ. ನಿಮ್ಮ ಮೈಸೂರು ಕಡೆ ಮೃಗಶಿರಾ ಮಳೆ ಎನ್ನುತ್ತೀರಲ್ಲ, ಅದೇ. ಜೂನ್ ಎಂಟರ ಹೊತ್ತಿಗೆ ಕೂಡುತ್ತದೆ. ಪಂಚಾಂಗ ನೋಡಿಯೇ ಬರೆಯುತ್ತಿದ್ದೇನೆ. ಅಲ್ಲಿಯವರೆಗೆ ಮಣ್ಣಿನ ಮಡಿ ಮಾಡಿಟ್ಟು ಕಾದಿರು. ಮಿರಗದಲ್ಲಿ ಹಾಕಿದ ಬೀಜ ಎಂದೂ ಮೋಸ ಮಾಡುವುದಿಲ್ಲ.

ಬಂಡೆ ಒಡೆಯುವುದಾದರೆ ಸುತ್ತಿಗೆಯಿಂದ ಗುದ್ದಬೇಡಿ, ಸುಣ್ಣಗಲ್ಲಿಗೆ ಪದರ ಇರುತ್ತದೆ. ಪದರ ನೋಡಿ ಉಳಿ ಇಟ್ಟರೆ ಹೋಳಿಗೆಯಂತೆ ಬಿಚ್ಚಿಕೊಳ್ಳುತ್ತದೆ. ನಿನ್ನ ಗಂಡ ದಿನವಿಡೀ ಊರವರ ಬೆನ್ನು ತಿಕ್ಕಿ ವ್ಯಾಯಾಮ ಹೇಳಿಕೊಡುವವನು, ಅವನ ಬೆನ್ನನ್ನೇ ಕೆಡಿಸಿಕೊಳ್ಳದಿರಲಿ.

ಚನ್ನಮಲ್ಲಪ್ಪ


ಆಸ್ಟಿನ್
29 ಜೂನ್ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಮಿರಗ ಮೋಸ ಮಾಡಿತು.

ನೀವು ಹೇಳಿದ ದಿನವೇ ಸ್ನಾನ ಮಾಡಿ, ಮಡಿಗೆ ಅರಿಶಿನ-ಕುಂಕುಮ ಇಟ್ಟು ಬೀಜ ಹಾಕಿದೆ. ಎತ್ತರದ ಮಡಿ, ಅಂಗಡಿಯಿಂದ ತಂದ ಗೊಬ್ಬರ, ಎಲ್ಲ ಶಾಸ್ತ್ರೋಕ್ತವಾಗಿ. ಹೀರೆ ಎಷ್ಟು ಚೆಂದ ಮೊಳೆತಿತ್ತು ಎಂದರೆ ಫೋಟೊ ತೆಗೆದು ಮೈಸೂರಿಗೆ ಅಮ್ಮನಿಗೂ ಕಳಿಸಿದ್ದೆ. ಆಮೇಲೆ ಆಕಾಶದಲ್ಲಿ ಒಂದು ಹತ್ತಿಯಷ್ಟು ಮೋಡ ಬರಲಿಲ್ಲ. ನಾನು ಆಫೀಸಿಗೆ ಹೋಗಿ ಸಂಜೆ ಬರುವುದರೊಳಗೆ ಎಲೆಗಳು ಹಪ್ಪಳದ ಹಾಗೆ ಮುರಿಯುತ್ತಿದ್ದವು. ಸ್ಪ್ರಿಂಕ್ಲರ್ ಬಿಡಲು ವಾರಕ್ಕೊಂದೇ ದಿನ ಅನುಮತಿ. ಏಸಿಯಿಂದ ತೊಟ್ಟಿಕ್ಕುವ ನೀರು, ಅಕ್ಕಿ ತೊಳೆದ ನೀರು, ಎಲ್ಲ ಬಕೆಟ್ಟಿನಲ್ಲಿ ಹಿಡಿದು ಹೊತ್ತು ಹಾಕಿದೆ. ಎತ್ತರದ ಮಡಿ ಅದನ್ನು ಕುಡಿದು, ಇನ್ನೊಂದು ಗಳಿಗೆಗೆ ಒಣಗಿ ಬಾಯಿ ಬಿಡುತ್ತಿತ್ತು. ಹೀರೆ ಹೋಯಿತು, ಬದನೆ ಹೋಯಿತು. ಪುಂಡಿಪಲ್ಲೆಯೊಂದೇ ಯಾರಿಗೂ ಜಗ್ಗದೆ ನಿಂತಿದೆ.

ನಾನು ಅತ್ತುಬಿಟ್ಟೆ ಮಾವ. ಅತ್ತೆ ಕೈಯಾರೆ ಕಟ್ಟಿಟ್ಟ ಬೀಜ ಎಂದು ಸಂಕಟವಾಯಿತು. ಉಲ್ಲಾಸ್ ಬಂದು ಪಕ್ಕದಲ್ಲಿ ಕೂತ. ಸಮಾಧಾನ ಹೇಳುತ್ತಾನೇನೋ ಅಂದುಕೊಂಡರೆ, "ಅಪ್ಪಗ ತ್ವಾಟದ ಬಗ್ಗೆ ಏನ್ ಗೊತ್ತೈತಿ? ಅವ್ವ ಇದ್ದಾಗ ಒಂದ್ ದಿನಾನೂ ಪೈಪ್ ಹಿಡದವರಲ್ಲ" ಎಂದ. ನಿಮ್ಮ ಬಗ್ಗೆ ಅವನು ಇಷ್ಟು ಉದ್ದದ ಮಾತಾಡಿದ್ದು ಈ ಮನೆಯಲ್ಲಿ ಇದೇ ಮೊದಲು, ಅದಕ್ಕೇ ಹಾಗೆಯೇ ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಅವನು ಇನ್ನೊಂದು ಮಾತೂ ಹೇಳಿದ. ಕ್ಯಾರಲ್ಟನ್ನಿನ ಹಿತ್ತಲನ್ನು ಕೊಂಡವರು ಇಷ್ಟು ಹೊತ್ತಿಗೆ ಅಗೆದು ಈಜುಕೊಳ ಮಾಡಿರುತ್ತಾರಂತೆ. ಅದನ್ನು ನೆನೆದರೆ ಅವನಿಗೆ ಆ ರಸ್ತೆಗೆ ಕಾರು ತಿರುಗಿಸಲು ಮನಸ್ಸೇ ಬರುವುದಿಲ್ಲವಂತೆ.

ನಾನು ಮೈಸೂರಿನವಳು, ಬೀಜವನ್ನೆಲ್ಲ ಒಂದೇ ಸಲ ಹಾಕಿ ಮುಗಿಸುವವಳಲ್ಲ. ಪ್ರತಿ ಗಂಟಿನಲ್ಲೂ ಅರ್ಧ ಉಳಿಸಿದ್ದೇನೆ. ಮುಂದೇನು ಮಾಡಲಿ, ಹೇಳಿ. ಪಂಚಾಂಗ ನೋಡದೆ ಹೇಳಿ.

ನಿಮ್ಮ ಸೊಸೆ
ವೈಷ್ಣವಿ


ಕ್ಯಾರಲ್ಟನ್
11 ಜುಲೈ 2025

ಚಿ. ಸೌ. ವೈಷ್ಣವಿಗೆ.

ಅವನು ಹೇಳಿದ್ದು ಖರೆ. ನನಗೆ ಗೊತ್ತಿಲ್ಲ.

ಉಳಿದ ಬೀಜ ತಣ್ಣಗೆ ಇಡು. ಏನೂ ಹಾಕಬೇಡ. ಕೇಳಿ ತಿಳಿದು ಬರೆಯುತ್ತೇನೆ.

ಚನ್ನಮಲ್ಲಪ್ಪ


ಕ್ಯಾರಲ್ಟನ್
10 ಆಗಸ್ಟ್ 2025

ಚಿ. ಸೌ. ವೈಷ್ಣವಿಗೆ ಶರಣು.

ತಡವಾಯಿತು. ಯಾರನ್ನು ಕೇಳಬೇಕೆಂಬುದೇ ದೊಡ್ಡ ತಲೆನೋವಾಯಿತು. ಈ ಊರಿನಲ್ಲಿ ನಮ್ಮ ಕಡೆಯವರು ಬೇಕಾದಷ್ಟಿದ್ದಾರೆ, ಎಲ್ಲರೂ ಪಲ್ಲೆಯನ್ನು ಅಂಗಡಿಯಿಂದ ತರುವವರೇ. ಬೆಳೆಯುತ್ತಿದ್ದವಳು ಒಬ್ಬಳೇ, ಅವಳನ್ನು ಕೇಳುವ ಹಾಗಿಲ್ಲ. ಕೊನೆಗೆ ಅವಳ ತೋಟದ ಗುರುತಾದರೂ ಉಳಿದಿದೆಯೋ ನೋಡೋಣ ಎಂದು ಹಳೆ ಮನೆಯ ಕಡೆ ಹೋದೆ. ಮಾರಿದ ಮೇಲೆ ನಾನೂ ಆ ರಸ್ತೆಗೆ ಹೋಗಿರಲಿಲ್ಲ. ಕಾರಿನಲ್ಲಿ ಮನೆಯ ಮುಂದೆ ಸುತ್ತಿದೆ. ಮತ್ತೆ ಸುತ್ತಿದೆ. ಕಳ್ಳನೆಂದು ಯಾರಾದರೂ ಪೊಲೀಸರಿಗೆ ಹೇಳಿಯಾರೆಂದು ಕೊನೆಗೆ ಇಳಿದು ಬಾಗಿಲು ಬಡಿದೆ.

ಈಗಿರುವವರು ಕೊರಿಯಾದವರು. ಬಾಗಿಲು ತೆಗೆದವಳು ಒಬ್ಬ ಅಜ್ಜಿ, ನನಗಿಂತ ಹಿರಿಯಳು. ಆಕೆಗೆ ಇಂಗ್ಲಿಷ್ ಬರದು. ಹಿಂದಿನಿಂದ ಆಕೆಯ ಸೊಸೆ ಬಂದಳು. ನಾನು ಈ ಮನೆಯ ಹಳೆ ಯಜಮಾನ, ನನ್ನ ಹೆಂಡತಿ ಹಿತ್ತಲಿನಲ್ಲಿ ತರಕಾರಿ ಮಾಡುತ್ತಿದ್ದಳು ಎಂದೆ. ಆ ಹುಡುಗಿ ಅದನ್ನು ಅತ್ತೆಗೆ ಹೇಳಿದ್ದೇ ತಡ, ಅಜ್ಜಿ ನನ್ನ ಅಂಗಿಯ ತೋಳು ಹಿಡಿದು ಮನೆಯೊಳಗಿಂದಲೇ ಹಿತ್ತಲಿಗೆ ಎಳೆದುಕೊಂಡು ಹೋದಳು. ಚಪ್ಪಲಿ ಬಿಡಲೂ ಪುರುಸೊತ್ತು ಕೊಡಲಿಲ್ಲ.

ವೈಷ್ಣವಿ, ಈಜುಕೊಳ ಇಲ್ಲ. ತೋಟ ಇದೆ. ಕಮಲವ್ವನ ಮಡಿ ಅವಳು ಬಿಟ್ಟಲ್ಲೇ ಇದೆ, ಒಂದು ಮೊಳವೂ ಸರಿದಿಲ್ಲ. ಕರಿಬೇವು ನನ್ನ ಎದೆಮಟ್ಟ ಬಂದಿದೆ. ಚಳಿಗಾಲದಲ್ಲಿ ಕುಂಡ ಸಮೇತ ಗ್ಯಾರೇಜಿನೊಳಗೆ ಇಡುತ್ತಾರಂತೆ. ಅದು ಏನು ಗಿಡವೆಂದು ಅವರಿಗೆ ಗೊತ್ತಿಲ್ಲ, ಅಡುಗೆಗೆ ಹಾಕಿಯೂ ಇಲ್ಲ, ಹಿಂದಿನವರು ಪ್ರೀತಿಯಿಂದ ಬೆಳೆಸಿದ್ದು ಎಂದು ಸಾಕಿದ್ದಾರೆ. ಕಮಲವ್ವ ಕೂತು ಕಳೆ ತೆಗೆಯಲೆಂದು ನಾನು ಅಂಗಡಿಯಿಂದ ಕೆಂಪು ಇಳಕಲ್ ಕಲ್ಲಿನ ಒಂದು ತುಂಡು ತಂದು ಹಾಕಿದ್ದೆ. ಈಗ ಅದರ ಮೇಲೆ ಅಜ್ಜಿ ಕೂರುತ್ತಾಳೆ. ನನ್ನನ್ನೂ ಕೂರಿಸಿ ಬಾರ್ಲಿಯ ತಣ್ಣನೆಯ ಚಹಾ ಕೊಟ್ಟಳು. ಕುಡಿಯುವಾಗ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಆಕೆ ನೋಡಿಯೂ ನೋಡದವಳಂತೆ ಇದ್ದಳು, ದೊಡ್ಡ ಮನಸ್ಸಿನವಳು.

ಆದರೆ ಈಗ ಮಡಿಯಲ್ಲಿ ಮಾತ್ರ ಒಂದು ಹಸಿರೆಲೆಯೂ ಇಲ್ಲ. ಮಡಿಯ ಮೇಲೆಲ್ಲ ಒಣಹುಲ್ಲು ಹೊದಿಸಿ ಮಲಗಿಸಿದ್ದಾಳೆ. ಯಾಕೆಂದು ಕೇಳಿದೆ. ಅಜ್ಜಿ ಸೂರ್ಯನನ್ನು ತೋರಿಸಿ ಹಲ್ಲು ಕಡಿದಳು. ಅವಳ ಸೊಸೆ ಬಿಡಿಸಿ ಹೇಳಿದಳು: ಬೇಸಿಗೆಯಲ್ಲಿ ಇಲ್ಲಿ ಯಾರೂ ಬಿತ್ತುವುದಿಲ್ಲ, ಬಿಸಿಲು ಇಳಿದ ಮೇಲೆ ಮೂಲಂಗಿ, ಕೋಸು, ಸೊಪ್ಪು ಹಾಕಿ ಚಳಿಗಾಲ ಪೂರ್ತಿ ತಿನ್ನುತ್ತಾರೆ.

ಆಗ ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕು ಅನಿಸಿತು. ಇದು ನಮ್ಮ ಹಿಂಗಾರಿ. ಮಳೆಗಾಲ ಮುಗಿದ ಮೇಲೆ ಬಿತ್ತಿ, ಚಳಿಗೆ, ಇಬ್ಬನಿಗೆ ಬೆಳೆಸುವ ಬೆಳೆ. ಇಳಕಲ್ಲಿನ ಎರೆ ಹೊಲದಲ್ಲಿ ಕಡಲೆ, ಜೋಳ ಎಲ್ಲ ಬರುವುದು ಹಿಂಗಾರಿಯಲ್ಲೇ. ಅದನ್ನು ಬಿಟ್ಟು, ಈ ದೇಶಕ್ಕೆ ಬಂದು ಇಷ್ಟು ವರ್ಷವಾದ ಮೇಲೂ ನಾನು ಟೆಕ್ಸಸ್ಸಿನಲ್ಲಿ ಮಿರಗದ ಮಳೆ ಹುಡುಕುತ್ತಿದ್ದೇನೆ. ಬೇಸಿಗೆಯಲ್ಲಿ ಕಮಲವ್ವ ಹಿತ್ತಲಿಗೆ ಹುಲ್ಲು ಹಾಕಿ ಒಳಗೆ ಕೂರುತ್ತಿದ್ದಳು, ಬಿಸಿಲಿಗೆ ಬೇಸತ್ತಿದ್ದಾಳೆ ಎಂದುಕೊಂಡಿದ್ದೆ.

ಆದ್ದರಿಂದ ಈಗ ಕೇಳು. ಮಡಿಯನ್ನು ಎತ್ತರ ಮಾಡಬೇಡ, ತಗ್ಗು ಮಾಡು. ಬಂಡೆಯವರೆಗೆ ಅಗೆದು ಕುಣಿಯಂತೆ ಮಾಡಿದರೆ ಹಾಕಿದ ನೀರು ಅಲ್ಲೇ ನಿಲ್ಲುತ್ತದೆ, ಗಾಳಿಯೂ ಕಡಿಮೆ ಹೊಡೆಯುತ್ತದೆ. ಮೇಲೆ ದಪ್ಪಗೆ ಒಣಹುಲ್ಲು. ಮಣ್ಣಿನ ಕುಂಡದ ತೂತಿಗೆ ಸಿಮೆಂಟ್ ಮೆತ್ತಿ ಕತ್ತಿನವರೆಗೆ ಹೂಳಿ ನೀರು ತುಂಬಿಡು, ಬೇರು ತನಗೆ ಬೇಕಾದಷ್ಟು ಹೀರಿಕೊಳ್ಳುತ್ತದೆ. ಮೊಳಕೆಗೆ ಮೊದಮೊದಲು ನೆರಳು ಬೇಕು. ನನ್ನ ಹಳೆ ಧೋತರಗಳನ್ನು ಕಳಿಸುತ್ತಿದ್ದೇನೆ, ಕಟ್ಟಿಗೆ ನೆಟ್ಟು ಮೇಲೆ ಕಟ್ಟು. ಗಣಪತಿ ಹಬ್ಬ ಮುಗಿಯಲಿ, ಆಮೇಲೆ ಹಾಕು. ಇದು ಪಂಚಾಂಗ ನೋಡಿ ಹೇಳಿದ್ದಲ್ಲ.

ಮನೆಯ ವಿಷಯವನ್ನೂ ಬರೆದುಬಿಡುತ್ತೇನೆ. ಮಾರಿದ್ದು ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಹೀರೇಬಳ್ಳಿ ಕಾಣುತ್ತಿತ್ತು, ಅದಕ್ಕೆ ನೀರು ಹಾಕುವವಳು ಕಾಣುತ್ತಿರಲಿಲ್ಲ. ಹಾಗೆ ಎಷ್ಟು ದಿನ ಇರಬೇಕಿತ್ತು? ನನಗೆ ಆಗಲಿಲ್ಲ.

ಚನ್ನಮಲ್ಲಪ್ಪ


ಆಸ್ಟಿನ್
14 ಸೆಪ್ಟೆಂಬರ್ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಓದಿ ಊಟದ ಮೇಜಿನ ಮೇಲೆ ಬಿಟ್ಟು, ಬಟ್ಟೆ ಒಗೆಯಲು ಹೋದೆ. ಬೇಕೆಂದೇ ಹೋದೆ. ಬಂದು ನೋಡಿದರೆ ಪತ್ರ ಇತ್ತು, ಉಲ್ಲಾಸ್ ಇರಲಿಲ್ಲ. ಹಿತ್ತಲಿನಿಂದ ಠಣ್ ಠಣ್ ಸದ್ದು. ಆ ಉರಿಬಿಸಿಲಲ್ಲಿ ಅಂಗಿ ಬಿಚ್ಚಿ, ಉಳಿ ಇಟ್ಟು ಬಂಡೆಯ ಪದರ ಬಿಚ್ಚುತ್ತಿದ್ದ. ನೀವು ಹೇಳಿದ ಹಾಗೆಯೇ ಹೋಳಿಗೆಯಂತೆ ಬಂತು. ಒಳಗೆ ಬಾ ಎಂದರೆ ಬರಲಿಲ್ಲ. ನಾನು ಮಜ್ಜಿಗೆ ಕೊಟ್ಟಾಗ, "ಆ ಕೆಂಪ ಕಲ್ಲು ಇನ್ನೂ ಅಲ್ಲೇ ಐತಂತಾ?" ಎಂದು ಕೇಳಿದ. ಪತ್ರದಲ್ಲಿ ಬರೆದಿದ್ದಾರಲ್ಲ ಎಂದೆ. ಲೋಟ ವಾಪಸು ಕೊಡುತ್ತ, ಅದನ್ನು ಯಾಕೆ ಕೇಳಿ ತರಲಿಲ್ಲ, ಅದು ನಮ್ಮ ಅವ್ವನ ಕಲ್ಲು ಎಂದ. ಆ ಪ್ರಶ್ನೆಗೆ ಉತ್ತರ ನಿಮ್ಮದು.

ಧೋತರಗಳು ಬಂದವು. ನಾಲ್ಕು ಕೋಲು ನೆಟ್ಟು ಚಪ್ಪರದ ಹಾಗೆ ಕಟ್ಟಿದೆವು. ವಾರದೊಳಗೆ ಕಾಲನಿಯ ಸಂಘದಿಂದ ಕಾಗದ ಬಂತು, ಹಿತ್ತಲಿನಲ್ಲಿ ಬಟ್ಟೆ ಒಣಗಿಸುವಂತಿಲ್ಲವಂತೆ. ಉಲ್ಲಾಸ್ ಅವರ ಮೀಟಿಂಗಿಗೆ ಹೋಗಿ, ಇದು ಬಟ್ಟೆಯಲ್ಲ, ಗಿಡದ ನೆರಳು, ನಮ್ಮ ತಂದೆಯವರ ವಿಧಾನ ಎಂದು ಹೇಳಿ ಬಂದ. ನಾನು ಪಕ್ಕದಲ್ಲೇ ಕೂತಿದ್ದೆ. ಇಂಗ್ಲಿಷಿನಲ್ಲಿ ಹೇಳಿದರೂ ಹೇಳಿದ್ದು ಅದನ್ನೇ. ಅವರು ಚಳಿಗಾಲ ಬರುವವರೆಗೆ ಇರಲಿ ಎಂದು ಒಪ್ಪಿದರು.

ಮೆಂತ್ಯ, ಸಬ್ಬಸಿಗೆ, ಹಕ್ಕರಕಿ, ಕಡಲೆ ಹಾಕಿದ್ದೇನೆ. ಅದರ ಪಕ್ಕ ನನ್ನ ಪಾಲಿನ ಅವರೆಯೂ ಇದೆ. ಅವರೆಕಾಯಿ ಇಲ್ಲದ ಚಳಿಗಾಲ ನನಗೆ ಚಳಿಗಾಲವೇ ಅಲ್ಲ. ನಿಮ್ಮ ಹೂಳಿದ ಕುಂಡಗಳು ಜಾಣ ಕೆಲಸ ಮಾಡುತ್ತಿವೆ.

ನಿಮ್ಮ ಸೊಸೆ
ವೈಷ್ಣವಿ


ಕ್ಯಾರಲ್ಟನ್
7 ಅಕ್ಟೋಬರ್ 2025

ಚಿ. ಸೌ. ವೈಷ್ಣವಿಗೆ ಶರಣು.

ಕಲ್ಲಿನ ಬಗ್ಗೆ ಕೇಳಿದವನಿಗೆ ಹೇಳು. ಅಜ್ಜಿಗೆ ಮೊಣಕಾಲು ನೋವು. ಆ ಕಲ್ಲಿಲ್ಲದಿದ್ದರೆ ಆಕೆ ಮಡಿಯ ಹತ್ತಿರ ಕೂರಲಾರಳು, ಕೂರದಿದ್ದರೆ ಕಳೆ ತೆಗೆಯಲಾರಳು. ಕಳೆ ತೆಗೆಯದಿದ್ದರೆ ಅವನ ಅವ್ವನ ತೋಟ ಹಾಳಾಗುತ್ತದೆ. ನಾನು ಕಲ್ಲು ಮಾರುವವನು, ಎಲ್ಲಿಯ ಕಲ್ಲನ್ನು ತೆಗೆಯಬಾರದು ಎಂಬಷ್ಟು ನನಗೆ ಗೊತ್ತು. ನೋಡಬೇಕೆನಿಸಿದರೆ ಹೋಗಿ ನೋಡಲಿ, ಅವರು ಯಾರನ್ನೂ ಬಾಗಿಲಲ್ಲಿ ನಿಲ್ಲಿಸುವವರಲ್ಲ. ನಾನು ಈಗ ಭಾನುವಾರ ಒಮ್ಮೊಮ್ಮೆ ಹೋಗುತ್ತೇನೆ. ಕರಿಬೇವಿನ ಒಗ್ಗರಣೆ ಹೇಗೆ ಹಾಕುವುದೆಂದು ಆ ಸೊಸೆಗೆ ತೋರಿಸಿಕೊಟ್ಟೆ. ಸಾಸಿವೆ ಸಿಡಿದು ಅಜ್ಜಿ ಅಡುಗೆಮನೆಯಿಂದ ಓಡಿದಳು.

ಸಂಘದವರ ಮೀಟಿಂಗಿನ ಸಂಗತಿ ಓದಿದೆ. ಎರಡು ಸಲ ಓದಿದೆ.

ಅವರೆ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಹಕ್ಕರಕಿಯ ಮುಂದೆ ಅದು ಏನೂ ಅಲ್ಲ.

ಚನ್ನಮಲ್ಲಪ್ಪ


ಆಸ್ಟಿನ್
23 ನವೆಂಬರ್ 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಹಿಂಗಾರಿ ಎಂದರೆ ಏನೆಂದು ಈಗ ನನಗೂ ತಿಳಿಯಿತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರೆ ಆಫೀಸಿಗೆ ತಡವಾಗುತ್ತದೆ. ಮೆಂತ್ಯವನ್ನು ಕೊಯ್ದಷ್ಟೂ ಬರುತ್ತಿದೆ. ಸಬ್ಬಸಿಗೆಯನ್ನು ಅಕ್ಕಪಕ್ಕದವರಿಗೆ ಹಂಚಿ ಆಯಿತು. ಕಡಲೆಗಿಡದ ಎಲೆ ಹುಳಿಹುಳಿಯಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ, ನಿಂತಲ್ಲೇ ಕಿತ್ತು ತಿನ್ನುತ್ತೇನೆ. ಒಂದು ಬೆಳಿಗ್ಗೆ ಜಿಂಕೆ ಬಂದು ಅವರೆಯ ಅರ್ಧ ಸಾಲು ಮೇಯ್ದು ಹೋಗಿತ್ತು. ಹಕ್ಕರಕಿಯನ್ನು ಮೂಸಿಯೂ ನೋಡಿರಲಿಲ್ಲ. ಇದರಲ್ಲಿ ಹೆಚ್ಚು ರುಚಿ ಯಾವುದೆಂದು ನಾನು ಹೇಳಬೇಕಾಗಿಲ್ಲ.

ಮೊದಲ ಸಲ ಹಕ್ಕರಕಿ ಕಿತ್ತು, ತೊಳೆದು, ಹಸಿಯದನ್ನೇ ರೊಟ್ಟಿಯ ಜೊತೆ ತಟ್ಟೆಗೆ ಹಾಕಿದೆ. ಉಲ್ಲಾಸ್ ಒಂದು ಎಲೆ ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಪೂರ್ತಿ ತಿಂದ, ಇನ್ನೂ ಬೇಕೆಂದು ತಾನೇ ಹೋಗಿ ಕಿತ್ತು ತಂದ. ಅತ್ತೆ ಹೋದ ಮೇಲೆ ಅವನು ಇಷ್ಟು ಊಟ ಮಾಡಿದ್ದನ್ನು ನಾನು ನೋಡಿರಲಿಲ್ಲ. ನನಗೆ ತುಂಬ ಸಂತೋಷವಾಯಿತು ಮಾವ.

ಅಂದು ಅವನೇ ಎಳ್ಳಮಾವಾಸ್ಯೆಯ ಮಾತು ತೆಗೆದ. ಬೆಳೆದು ನಿಂತ ಹೊಲದಲ್ಲೇ ಮಾಡುವ ಹಬ್ಬವಂತೆ, ನಮ್ಮ ಕಡೆ ಅದು ಇಲ್ಲ. ಅವ್ವ ಕ್ಯಾರಲ್ಟನ್ನಿನ ಹಿತ್ತಲಿನಲ್ಲೇ ಅದನ್ನು ಮಾಡುತ್ತಿದ್ದಳು, ತೋಟದಲ್ಲೇ ಕೂತು ಊಟ ಮಾಡುತ್ತಿದ್ದೆವು, ಚರಗ ಚೆಲ್ಲುತ್ತಿದ್ದೆವು ಎಂದ. ಚರಗ ಎಂದರೇನೆಂದು ಕೇಳಿದ್ದಕ್ಕೆ ತಟ್ಟೆ ತೊಳೆಯಲು ಎದ್ದುಹೋದ.

ಈ ಸಲ ನಮ್ಮ ಹಿತ್ತಲಿನಲ್ಲಿ ಮಾಡೋಣ. ಅಮಾವಾಸ್ಯೆ ಡಿಸೆಂಬರ್ ಹತ್ತೊಂಬತ್ತಕ್ಕೆ, ಶುಕ್ರವಾರ ಬರುತ್ತದೆ. ರಜೆ ನೋಡಿಕೊಂಡು ಮರುದಿನ ಶನಿವಾರ ಇಟ್ಟುಕೊಳ್ಳೋಣ. ನೀವು ಬರಬೇಕು. ನಾನು ಕರೆಯುತ್ತಿದ್ದೇನೆ.

ನಿಮ್ಮ ಸೊಸೆ
ವೈಷ್ಣವಿ


ಕ್ಯಾರಲ್ಟನ್
5 ಡಿಸೆಂಬರ್ 2025

ಚಿ. ಸೌ. ವೈಷ್ಣವಿಗೆ ಶರಣು.

ನೀನು ಕರೆದದ್ದು ಮನಸ್ಸಿಗೆ ಮುಟ್ಟಿತು. ನಿನ್ನಂಥ ಸೊಸೆ ಸಿಕ್ಕಿದ್ದು ನಮ್ಮ ಮನೆಯ ಪುಣ್ಯ. ಕಮಲವ್ವ ಇದ್ದಿದ್ದರೆ ನಿನ್ನನ್ನು ತಲೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು.

ಆದರೆ ನಾನು ಬರುವುದಿಲ್ಲ. ಅದು ಅವನ ಮನೆಯೂ ಹೌದು. ಮಗ ಬಾ ಎನ್ನದೆ ಮಗನ ಅಂಗಳಕ್ಕೆ ಹೋಗಿ ನಿಂತರೆ, ಆ ದಿನ ನಾವು ಮೂವರೂ ತಟ್ಟೆ ನೋಡಿಕೊಂಡು ಉಣ್ಣಬೇಕಾಗುತ್ತದೆ. ಹಬ್ಬದ ದಿನ ಅದು ಬೇಡ. ನಾನು ಬರಬೇಕು ಎಂಬ ಆಸೆ ನನಗಿಲ್ಲ ಎಂದು ತಿಳಿಯಬೇಡ. ಅದನ್ನು ಬಿಟ್ಟರೆ ನನಗೆ ಈಗ ಬೇರೆ ಆಸೆಯೇ ಇಲ್ಲ.

ಹೇಗೆ ಮಾಡಬೇಕೆಂದು ಬರೆಯುತ್ತೇನೆ, ನೀವಿಬ್ಬರೇ ಮಾಡಿ. ಐದು ಕಲ್ಲು ಆರಿಸಿ ಸುಣ್ಣ ಹಚ್ಚಿ ಮಡಿಯ ತುದಿಗೆ ಇಡಿ, ಅವರೇ ಪಾಂಡವರು. ಕಲ್ಲಿಗೆ ನಿಮ್ಮಲ್ಲಿ ಬರವಿಲ್ಲ. ಭೂತಾಯಿಗೆ ಹಸಿರು ಖಣದ ರವಿಕೆ ಬಟ್ಟೆ ಇಟ್ಟು ಉಡಿ ತುಂಬು, ನಿಮ್ಮ ಕಡೆ ಮಡಿಲು ತುಂಬುತ್ತಾರಲ್ಲ, ಹಾಗೆ. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಕಡುಬು, ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರನ್ನ. ಎಲ್ಲದರದೂ ಸ್ವಲ್ಪ ಸ್ವಲ್ಪ ತೆಗೆದು ಒಂದು ಬುಟ್ಟಿಯಲ್ಲಿ ಕಲಸಬೇಕು. ಅದೇ ಚರಗ. ಮನುಷ್ಯರು ಉಣ್ಣುವ ಮೊದಲು ಅದನ್ನು ಹೊಲದ ಸುತ್ತ ಚೆಲ್ಲುತ್ತಾರೆ, ಹುಳ, ಹಕ್ಕಿ, ಇಲಿ, ನಿಮ್ಮ ಜಿಂಕೆ, ಎಲ್ಲರ ಪಾಲು ಅದು.

ಚೆಲ್ಲಲು ಇಬ್ಬರು ಬೇಕು. ಮುಂದೆ ಹೋಗುವವನು ಚರಗ ತೂರುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ. ಹಿಂದೆ ಬರುವವನು ತಂಬಿಗೆಯಿಂದ ನೀರು ಚಿಮುಕಿಸುತ್ತ "ಚಲ್ಲಾಂಬ್ರಿಗೋ" ಎಂದು ಓಗೊಡುತ್ತಾನೆ. ಒಂದೊಂದು ಊರಿನಲ್ಲಿ ಒಂದೊಂದು ಥರ ಕೂಗುತ್ತಾರೆ, ನಮ್ಮ ಮನೆಯದು ಇದು. ಕ್ಯಾರಲ್ಟನ್ನಿನಲ್ಲಿ ನಾನು ಮುಂದೆ, ಅವನು ತಂಬಿಗೆ ಹಿಡಿದು ಹಿಂದೆ. ಶಾಲೆಗೆ ಹೋಗುವ ಹುಡುಗನಾಗಿದ್ದಾಗ ಅಕ್ಕಪಕ್ಕದವರಿಗೆ ಕೇಳಿಸುತ್ತದೆಂದು ನಾಚಿ ಸಣ್ಣ ದನಿಯಲ್ಲಿ ಓ ಅನ್ನುತ್ತಿದ್ದ, ನಾನು ಬೇಕೆಂದೇ ಇನ್ನೂ ಜೋರಾಗಿ ಕೂಗುತ್ತಿದ್ದೆ. ಕಮಲವ್ವ ಒಳಗಿಂದ ನಗುತ್ತಿದ್ದಳು.

ಈ ಸಲ ಅವನು ಕೂಗಲಿ, ನೀನು ಓ ಅನ್ನು.

ಚನ್ನಮಲ್ಲಪ್ಪ


ಆಸ್ಟಿನ್
11 ಡಿಸೆಂಬರ್ 2025

ಅಪ್ಪಾರಿಗೆ ಉಲ್ಲಾಸ ಮಾಡುವ ನಮಸ್ಕಾರ.

ನನ್ನ ಅಕ್ಷರ ಕೆಟ್ಟದಾವ. ಇಳಕಲ್ಲದ ಸಾಲಿ ಬಿಟ್ಟ ಮ್ಯಾಲ ಕನ್ನಡ ಬರದಿಲ್ಲ. ವೈಷ್ಣವಿ ತಿದ್ದಿ ಕೊಡ್ತೀನಿ ಅಂದ್ಲು, ಬ್ಯಾಡ ಅಂದೆ. ಮದಲ ಫೋನಿನ್ಯಾಗ ಇಂಗ್ಲಿಷಿನ್ಯಾಗ ಟೈಪ್ ಮಾಡಿದ್ದೆ. ಅದು ಆಫೀಸಿನ ಮೆಸೇಜ್ ಇದ್ದಂಗ ಆತು, ಅಳಿಸಿಬಿಟ್ಟೆ.

ಮನಿ ಮಾರಿದ್ದು ನನಗ ಇನ್ನೂ ಸೇರಿಲ್ಲ. ನನಗ ಒಂದ್ ಮಾತ ಹೇಳದ ಮಾರಿದ್ದಂತೂ ಸೇರೂದ ಇಲ್ಲ. ಅದನ್ನ ಮದ್ಲ ಹೇಳಿಬಿಡ್ತೀನಿ. ನೀವು ಬಂದ ಮ್ಯಾಲೂ ಅದರ ಬಗ್ಗೆ ಜಗಳ ಮಾಡವನ ನಾನು.

ಪತ್ರ ಬರಿಯೂದಕ್ಕ ಕಾರಣ ಬ್ಯಾರೆ ಐತಿ. ನಿನ್ನೆ ಸಂಜಿಮುಂದ ಕ್ಲಿನಿಕ್ಕಿನಿಂದ ಲಗೂನ ಬಂದಿದ್ದೆ. ವೈಷ್ಣವಿ ಇನ್ನೂ ಬಂದಿರಲಿಲ್ಲ. ನೀವು ಬರದಂಗ ಕೂಗೂದನ್ನ ಒಮ್ಮೆ ಪ್ರಾಕ್ಟೀಸ್ ಮಾಡಿ ನೋಡೋಣು ಅಂತ ಹಿತ್ತಲದಾಗ ನಿಂತು ಹುಲ್ಲುಲ್ಲಿಗೋ ಅಂದೆ. ಮತ್ತೊಮ್ಮೆ ಅಂದೆ. ಎರಡೂ ಸಲ ಸುಮ್ಮನ ನಿಂತಿದ್ದೆ, ಹಿಂದಿನಿಂದ ಯಾರರ ಓ ಅಂತಾರೇನೋ ಅನ್ನವರಂಗ. ಯಾರೂ ಅನ್ನಲಿಲ್ಲ. ಅವ್ವ ಹ್ವಾದ ಮ್ಯಾಲ ನೀವು ಆ ಮನ್ಯಾಗ ಚಾ ಆತೇನ ಅಂತ ಎಷ್ಟ ಸಲ ಕೂಗಿದ್ರೋ ಏನೋ. ನಾನು ಬರೇ ತ್ವಾಟ ಹೋತು ಅಂತ ಸಿಟ್ಟಿಗೆದ್ದಿದ್ದೆ. ನೀವು ಅಲ್ಲಿ ಒಬ್ಬರ ಹೆಂಗ ಇದ್ರಿ ಅಂತ ನನಗ ಹೊಳದ ಇರಲಿಲ್ಲ.

ನನಗ ಕೂಗೂದು ಬರಂಗಿಲ್ಲ ಅಪ್ಪಾ. ಓ ಅನ್ನೂದಷ್ಟ ಬರ್ತೈತಿ. ನೀವು ಬಂದು ಮುಂದ ನಡೀರಿ. ಈ ಸಲ ಜೋರಾಗೇ ಓ ಅಂತೀನಿ.

ಗುರುವಾರನ ಬರ್ರಿ. ಶುಕ್ರವಾರ ಹೊರಟರ ಹೈವೇದಾಗ ಸಿಕ್ಕೊಂತೀರಿ.

ನಿಮ್ಮ ಮಗ
ಉಲ್ಲಾಸ


ಕ್ಯಾರಲ್ಟನ್
17 ಡಿಸೆಂಬರ್ 2025

ಚಿ. ಉಲ್ಲಾಸನಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ಇವತ್ತು ಮಧ್ಯಾಹ್ನ ಮುಟ್ಟಿತು. ಅಂಗಡಿಗೆ ಬೀಗ ಹಾಕಿ ಕಾರಿನಲ್ಲಿ ಕೂತು ಓದಿದೆ. ಓದಿದ ಮೇಲೆ ಮತ್ತೆ ಅಂಗಡಿ ತೆಗೆಯಲಿಲ್ಲ. ಅಕ್ಷರ ಕೆಟ್ಟಿಲ್ಲ, ಚೆನ್ನಾಗಿಯೇ ಇವೆ.

ಜಗಳ ಆಡು. ನಾನೂ ಆಡುತ್ತೇನೆ. ಮಾರಿದ್ದು ಸರಿ ಎಂದೇ ವಾದ ಮಾಡುವವನು ನಾನು, ನೀನು ಸೋಲಬೇಡ.

ನಾಳೆ ಬೆಳಗಾಗುತ್ತಲೇ ಹೊರಡುತ್ತೇನೆ. ಸಜ್ಜೆ ಹಿಟ್ಟು ಇಲ್ಲಿಂದಲೇ ತರುತ್ತೇನೆ, ಅಲ್ಲಿಯದು ಕಹಿ ಇರುತ್ತದೆ. ಆ ಅಜ್ಜಿ ಒಂದು ಬಾಟಲಿ ಕೋಸಿನ ಉಪ್ಪಿನಕಾಯಿ ಕೊಟ್ಟಿದ್ದಾಳೆ, ಮುಚ್ಚಳ ಎಷ್ಟು ಬಿಗಿದರೂ ಕಾರೆಲ್ಲ ವಾಸನೆಯಾಗುತ್ತದೆ. ಅದಕ್ಕಾಗಿ ಕಿಟಕಿ ತೆಗೆದುಕೊಂಡೇ ಬರಬೇಕು.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಫೋನ್ ಹಿಡಿದರೆ ಮಾತು ಬರಲಿಲ್ಲ, ಅದಕ್ಕೆ ಬರೆದೆ. ಇದನ್ನು ಈಗಲೇ ಅಂಚೆಗೆ ಹಾಕುತ್ತೇನೆ. ನಿಮ್ಮ ಮನೆ ಮುಟ್ಟುವ ಹೊತ್ತಿಗೆ ನಾನು ಅಲ್ಲೇ ಇರುತ್ತೇನೆ. ಅಂಚೆಯವನು ಬಂದ ಸದ್ದಾದರೆ ನೀವು ಯಾರೂ ಏಳಬೇಡಿ, ನಾನೇ ಹೋಗಿ ತಂದು ನಿನ್ನ ಕೈಗೆ ಕೊಡುತ್ತೇನೆ.

ನಿನ್ನ ಅಪ್ಪ
ಚನ್ನಮಲ್ಲಪ್ಪ